ರೆಫಿಕ್‌ನ ತೊಂಬತ್ತು ನಿಮಿಷ

ಕುವೈತಿನ ಮಿರ್ಕಾಬಿನಲ್ಲಿರುವ ನನ್ನ ಕ್ರೀಡಾ ಸಾಮಾನಿನ ಅಂಗಡಿಗೆ ರೆಫಿಕ್ ಡೆಲಿಚ್ ಮೊದಲ ಸಲ ಬಂದದ್ದು 1997ರಲ್ಲಿ, ಗೋಲ್‌ಕೀಪರ್ ಕೈಗವಸು ಹುಡುಕಿಕೊಂಡು. ಆರಡಿ ಎರಡಂಗುಲದ ಆಳು. ಕೇಳಿದವರಿಗೆ ಆರಡಿ ನಾಲ್ಕು ಎನ್ನುತ್ತಿದ್ದ. ಶೆಲ್ಫಿನಲ್ಲಿದ್ದ ಏಳು ಜೊತೆಯನ್ನೂ ಹಾಕಿ ನೋಡಿದ, ಹಿಚುಕಿ ನೋಡಿದ, ಮೂಸಿಯೂ ನೋಡಿದ. ಕೊನೆಗೆ ಒಂದು ಚಹಾ ಕುಡಿದು ಬರಿಗೈಯಲ್ಲಿ ಹೋದ. ಮೂರನೆಯ ಭೇಟಿಯಲ್ಲೂ ಅದೇ ಪರೀಕ್ಷೆ ಶುರುವಾದಾಗ ನನಗೆ ತಡೆಯಲಿಲ್ಲ. ಒಂದು ಜೊತೆ ಎತ್ತಿ ಅವನ ಮುಖಕ್ಕೇ ಎಸೆದೆ. ಬಲಗೈಯ ಚಹಾ ಒಂದು ಹನಿಯೂ ತುಳುಕಲಿಲ್ಲ, ಎಡಗೈಯಲ್ಲಿ ಹಿಡಿದ. ಆಮೇಲೆ ಅದನ್ನೇ ಕೊಂಡ. ಅಂದಿನಿಂದ ಅವನಿಗೆ ಏನು ಕೊಡಬೇಕಾದರೂ ನಾನು ಎಸೆದೇ ಕೊಡುವುದು ಪದ್ಧತಿಯಾಯಿತು.

ಬೋಸ್ನಿಯಾದ ಜೆನಿಟ್ಸಾ ಅವನ ಊರು. ಅಲ್ಲಿಯ ಉಕ್ಕಿನ ಕಾರ್ಖಾನೆಯ ಹುಡುಗರ ತಂಡದಿಂದ ಮೇಲೆ ಬಂದು ಮೂರು ವರ್ಷ ಬೆಂಚಿನ ಮೇಲೆ ಕುಳಿತ. ಹಿರಿಯ ಗೋಲ್‌ಕೀಪರ್ ಕೊನೆಗೂ ನಿವೃತ್ತನಾಗಿ ಇವನ ಸರದಿ ಬಂದು ಹೆಸರು ಮಾಡುವಷ್ಟರಲ್ಲಿ 1992ರ ಯುದ್ಧ ಬಂತು. ಊರಿನ ಕೊನೆಯ ಪಂದ್ಯ ಮೂವತ್ತೆಂಟನೆಯ ನಿಮಿಷಕ್ಕೆ ನಿಂತಿತು. ರಸ್ತೆ ಮುಚ್ಚುತ್ತಾರಂತೆ ಎಂದು ಎದುರು ತಂಡದ ಬಸ್ಸಿನ ಡ್ರೈವರ್ ಮೈದಾನಕ್ಕೇ ಬಂದು ಆಟಗಾರರನ್ನು ಕರೆದುಕೊಂಡು ಹೋದನಂತೆ. ಅಲ್ಲಿಂದ ಟರ್ಕಿಯ ಎರಡನೆ ದರ್ಜೆಯ ಕ್ಲಬ್ಬು. ಅಲ್ಲಿಯ ಕೊನೆಯ ಪಂದ್ಯವನ್ನು ಅರ್ಧದಲ್ಲೇ ಮಂಜು ನುಂಗಿತು. ಕೊನೆಗೆ ಕುವೈತ್. ಇಲ್ಲಿ ಐದು ವರ್ಷ ಚೆನ್ನಾಗಿಯೇ ಆಡಿದ. 2002ರಲ್ಲಿ ಒಂದು ಸಂಜೆ ಅರ್ಧ ಆಟಕ್ಕೆ ಅವನನ್ನು ಹೊರಗೆ ಕೂರಿಸಿ ಇನ್ನೊಬ್ಬನನ್ನು ಇಳಿಸಿದರು. ಒಪ್ಪಂದ ಮುಗಿಯಿತು ಎಂದು ಹೇಳಿದ್ದು ಅವನ ಸ್ನಾನವಾದ ಮೇಲೆ.

"ಮೊದಲೇ ಹೇಳಿದ್ದರೆ ಸ್ನಾನ ಮನೆಯಲ್ಲೇ ಮಾಡುತ್ತಿದ್ದೆ" ಎನ್ನುತ್ತಿದ್ದ.

ಆಮೇಲೆ ಎಗೈಲಾದ ಒಂದು ಅಕಾಡೆಮಿಯಲ್ಲಿ ಮಕ್ಕಳಿಗೆ ಕೋಚ್. ಸಂಜೆ ನನ್ನ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಹಳೆಯ ಕಥೆ. 1989ರಲ್ಲಿ ಅವನು ತಡೆದ ಒಂದು ಪೆನಾಲ್ಟಿ ಉಂಟು. ಅದನ್ನು ಒದ್ದವನು ಮೊದಲ ವರ್ಷದ ಕಥೆಯಲ್ಲಿ ಒಬ್ಬ ಒಳ್ಳೆಯ ಆಟಗಾರನಾಗಿದ್ದ. ಐದನೆಯ ವರ್ಷಕ್ಕೆ ದೇಶದ ತಂಡದ ನಾಯಕನಾದ. ಎಂಟನೆಯ ವರ್ಷಕ್ಕೆ ಯುರೋಪಿನಲ್ಲೇ ಅವನ ಸಮ ಇರಲಿಲ್ಲ. ನಾನು ಗಿರಾಕಿಗಳ ಮುಂದೆ ತಲೆಯಾಡಿಸುತ್ತಿದ್ದೆ. ಆ ಕಥೆ ಕೇಳಿದವರು ಕೈಗವಸು ಕೊಳ್ಳದೆ ಹೋದದ್ದು ಕಡಿಮೆ.

2010ರ ಜನವರಿಯ ಒಂದು ಸಂಜೆ ಕಥೆಯ ಬದಲು ಸುದ್ದಿ ತಂದ. ಇಲ್ಲಿ ವಾಸಿಸುವ ಪರವಾನಗಿ, ಇಕಾಮಾ, ಫೆಬ್ರವರಿಗೆ ಮುಗಿಯುತ್ತದೆ, ಅದಕ್ಕೆ ಜಾಮೀನು ನಿಂತ ಕಫೀಲ್ ಮುಂದುವರಿಸುವುದಿಲ್ಲ, ಮೊಣಕಾಲೂ ಬೇಡ ಎನ್ನುತ್ತಿದೆ. ಊರಿಗೆ ವಾಪಸು.

"ಯಶೋ, ಹಬೀಬಿ, ಒಂದೇ ಒಂದು ಆಸೆ" ಎಂದ. ನಮ್ಮ ಮಾತು ಅರಬಿ, ಹಿಂದಿ, ಇಂಗ್ಲಿಷು ಎಲ್ಲ ಕಲಸಿದ್ದು. ಇಲ್ಲಿ ಬಿಡಿಸಿ ಬರೆದಿದ್ದೇನೆ. "ಇದು ಕೊನೆಯದು ಅಂತ ಮೊದಲೇ ಗೊತ್ತಿದ್ದು ಆಡುವ ಒಂದು ಮ್ಯಾಚ್. ಪೂರ್ತಿ ತೊಂಬತ್ತು ನಿಮಿಷ. ಖಲಾಸ್."

ನಮ್ಮ ಊರಿನವರ ಸಂಘಕ್ಕೆ ಎರಡು ಫುಟ್‌ಬಾಲ್ ತಂಡಗಳಿದ್ದವು, ರಿಗ್ಗೈಯದೊಂದು, ಮಿರ್ಕಾಬಿನದೊಂದು. ರೆಫಿಕ್ ಎಷ್ಟೋ ಶುಕ್ರವಾರ ಅವರಿಗೆ ಬಿಟ್ಟಿ ಪಾಠ ಹೇಳಿದ್ದ. ಸಂಘದ ಕಾರ್ಯದರ್ಶಿ ಸಿರಿಲ್‌ಗೆ ಫೋನ್ ಮಾಡಿದೆ.

"ಅಷ್ಟೇಯಾ?" ಎಂದ ಸಿರಿಲ್. "ಮ್ಯಾಚ್ ಮಾಡುವ ಮಾರಾಯ. ಆದರೆ ಬರೀ ಮ್ಯಾಚ್ ಮಾಡಿ ಕಳಿಸಿದರೆ ನಮ್ಮ ಮರ್ಯಾದೆ ಉಳೀತದಾ? ಸಣ್ಣದೊಂದು ಸನ್ಮಾನ ಇಡುವ."

ಸಣ್ಣ ಸನ್ಮಾನವನ್ನು ನಮ್ಮ ಕರಾವಳಿಯವರು ಇನ್ನೂ ಕಂಡುಹಿಡಿದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೂಂ ಎಂದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ರಿಗ್ಗೈಯ ಒಂದು ಶಾಲೆಯ ಮೈದಾನ ಶುಕ್ರವಾರ ಎರಡರಿಂದ ನಾಲ್ಕೂವರೆಗೆ ಸಿಕ್ಕಿತು. ನಾಲ್ಕೂವರೆಗೆ ಗೇಟು ಹಾಕುವುದೇ ಎಂದು ಕಾವಲುಗಾರ, ಈಜಿಪ್ಟಿನವನು, ಬೀಗವನ್ನು ಎತ್ತಿ ತೋರಿಸಿಯೇ ಹೇಳಿದ. ರೆಫಿಕ್‌ನ ವಿಮಾನ ಮಂಗಳವಾರ. ಇನ್ನೊಂದು ಶುಕ್ರವಾರ ಇರಲಿಲ್ಲ.

ಎರಡು ಗಂಟೆಗೆ ರೆಫಿಕ್ ಜೆರ್ಸಿ, ಕೈಗವಸು ಹಾಕಿ ಸಿದ್ಧ. ಅವನನ್ನು ಮೈದಾನದ ಬದಿಯ ಶಾಮಿಯಾನದಲ್ಲಿ ಕೆಂಪು ಕುರ್ಚಿಯ ಮೇಲೆ ಕೂರಿಸಿದರು. ಮುಖ್ಯ ಅತಿಥಿ ಬಂದದ್ದು ಎರಡು ನಲ್ವತ್ತಕ್ಕೆ. ಪ್ರಾರ್ಥನೆ, ಸ್ವಾಗತ, ಸ್ವಾಗತಿಸಿದವರಿಗೆ ಸ್ವಾಗತ. ಮೈಸೂರು ಪೇಟ ತೊಡಿಸಿದರು. ಬೋಳು ತಲೆಯಲ್ಲಿ ಅದು ನಿಲ್ಲದೆ ಜಾರಿತು, ಮತ್ತೆ ತೊಡಿಸಿದರು. ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಸಿರಿಲ್ ನಾಲ್ಕು ಪುಟದ ಸನ್ಮಾನ ಪತ್ರ ಬಿಚ್ಚಿದ. ಅದಾದ ಮೇಲೆ ಒಂಬತ್ತು ಜನರ ಎರಡು ಮಾತು ಬಾಕಿ.

ರೆಫಿಕ್ ನನ್ನ ಕಡೆ ಬಾಗಿ ಕೇಳಿದ, "ಗಂಟೆ ಎಷ್ಟು?"

"ಮೂರು."

"ಇವನ ಕೈಯಲ್ಲಿ ಎಷ್ಟು ಹಾಳೆ ಉಂಟು?"

"ಇದು ಮೊದಲನೆಯದು."

ಅವನು ಎದ್ದ. ಪೇಟ, ಶಾಲು ಸಮೇತ ನೇರ ಗೋಲಿನ ಕಡೆ ನಡೆದ. ಮಾಲೆ ತಂದ ಹೆಂಗಸರು ಅವನ ಹಿಂದೆ ನಾಲ್ಕು ಹೆಜ್ಜೆ ಹಾಕಿ ನಿಂತರು. ರೆಫಿಕ್ ಶಾಲನ್ನು ಬಲೆಗೆ ತೂಗುಹಾಕಿ, ಎರಡು ಕಂಬಗಳ ನಡುವೆ ನಿಂತು, ಕೈ ತಟ್ಟಿದ.

"ಯಲ್ಲಾ, ಶುರು ಮಾಡಿ."

ಆಟಗಾರರು ಕಾರ್ಯದರ್ಶಿಯ ಮುಖ ನೋಡಿದರು. ರೆಫರಿ ಬರ್ನಾರ್ಡ್ ಮಾತ್ರ ರೆಫಿಕ್‌ನನ್ನು ನೋಡಿದ, ಸೀಟಿ ಊದಿಬಿಟ್ಟ. "ಮಧ್ಯೆ ವಿರಾಮ ಇಲ್ಲ" ಎಂದ. ವಾಚು ಮೂರು ಗಂಟೆ ನಾಲ್ಕು ನಿಮಿಷ ತೋರಿಸುತ್ತಿತ್ತು.

ಸಿರಿಲ್ ಓದುವುದನ್ನು ನಿಲ್ಲಿಸಲಿಲ್ಲ. ಬರೆದದ್ದನ್ನು ಓದದೆ ಬಿಡುವ ಜನ ನಾವಲ್ಲ. ಒಂದು ಕಡೆ ಆಟ, ಒಂದು ಕಡೆ ಮೈಕು. ಪೇಟವನ್ನು ರೆಫಿಕ್ ತೆಗೆಯಲಿಲ್ಲ. ಬಿಸಿಲು ನೇರ ಕಣ್ಣಿಗೆ ಬರುತ್ತಿತ್ತು, ಟೋಪಿ ತಂದಿರಲಿಲ್ಲ.

ಮಿರ್ಕಾಬ್ ತಂಡದ ಲತೀಶ್‌ಗೆ ಸಿಕ್ಕ ಮೊದಲ ಅವಕಾಶದಲ್ಲಿ ಅವನು ಚೆಂಡನ್ನು ಮಗುವಿಗೆ ಕೊಟ್ಟ ಹಾಗೆ ಮೆಲ್ಲಗೆ ಉರುಳಿಸಿದ. ರೆಫಿಕ್ ಎತ್ತಿಕೊಂಡು ಅವನ ಹತ್ತಿರ ಹೋದ.

"ನಾನು ಸತ್ತಿದ್ದೇನೆಯೇ?"

"ಇಲ್ಲ ಕೋಚ್. ಗೌರವ..."

"ಗೌರವ ಅಲ್ಲಿ ಮೈಕಿನಲ್ಲಿ ಉಂಟು. ನೀನು ಒದಿ."

ಲತೀಶ್ ಒದ್ದ. "ಯಾರೂ ಭೇದಿಸಲಾಗದ ಅಭೇದ್ಯ ಕೋಟೆ" ಎಂದು ಸಿರಿಲ್ ಓದುತ್ತಿದ್ದಾಗ ಮೊದಲ ಗೋಲು ಒಳಗೆ ಹೋಯಿತು. ರೆಫಿಕ್ ಇಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ತನ್ನ ಕಡೆಯ ನಾಲ್ವರು ಡಿಫೆಂಡರುಗಳಿಗೂ ಬೋಸ್ನಿಯಾದ ಭಾಷೆಯಲ್ಲಿ ಬೈದ. ಆಮೇಲೆ ಹಿಡಿದ ಮೂರು ಚೆಂಡಿಗೆ ಶಾಮಿಯಾನದವರು ಭಾಷಣ ಬಿಟ್ಟು ಎದ್ದು ನಿಂತರು. ಅರುವತ್ತನೆಯ ನಿಮಿಷಕ್ಕೆ ಭಾಷಣಕಾರರು ತಾವೇ ಕುರ್ಚಿ ತಿರುಗಿಸಿ ಕುಳಿತಿದ್ದರು. ಎಪ್ಪತ್ತರ ಮೇಲೆ ರೆಫಿಕ್ ಎಡಗಾಲು ಎಳೆಯತೊಡಗಿದ. ಬದಲಿಗೆ ಬೇರೆಯವನನ್ನು ಇಳಿಸಲೇ ಎಂದು ಯಾರೋ ಕೇಳಿದರು. ಅವನು ನೋಡಿದ ನೋಟಕ್ಕೆ ಕೇಳಿದವರು ಮತ್ತೆ ಕೇಳಲಿಲ್ಲ.

ನಾಲ್ಕೂವರೆಗೆ ಸರಿಯಾಗಿ ಕಾವಲುಗಾರ ಬೀಗದ ಕೈಗಳ ಗೊಂಚಲು ಅಲ್ಲಾಡಿಸುತ್ತಾ ಮೈದಾನದತ್ತ ಹೊರಟ. ಎಂಬತ್ತಾರು ನಿಮಿಷ ಆಗಿತ್ತು. ಜೆನಿಟ್ಸಾದ ಆ ಬಸ್ಸಿನ ಡ್ರೈವರ್ ನೆನಪಾದ. ನನ್ನ ಪಕ್ಕದಲ್ಲಿ ಸನ್ಮಾನದ ಹಣ್ಣಿನ ಬುಟ್ಟಿ ಇತ್ತು. ಎತ್ತಿಕೊಂಡು ಅಡ್ಡ ಹೋದೆ.

"ಸಂಘದಿಂದ ನಿಮಗೆ" ಎಂದೆ.

"ನನಗೆ? ಯಾಕೆ?"

"ಎಷ್ಟು ವರ್ಷದಿಂದ ಈ ಗೇಟು ಕಾಯುತ್ತಿದ್ದೀರಿ?"

"ಹನ್ನೊಂದು."

"ಅದಕ್ಕೇ."

ಅವನು ಬುಟ್ಟಿಯನ್ನು ತೊಡೆಯ ಮೇಲಿಟ್ಟು ಕುಳಿತ. ಒಂದು ಕಿತ್ತಳೆ ಸುಲಿದ, ಎರಡನೆಯದನ್ನು ನನಗೂ ಕೊಟ್ಟ. ಬೀಜ ಉಗುಳಿ ಮುಗಿಸುವಷ್ಟರಲ್ಲಿ ಬರ್ನಾರ್ಡನ ಉದ್ದ ಸೀಟಿ ಕೇಳಿತು. ರೆಫಿಕ್ ಆಡಿದ ರಿಗ್ಗೈ ಮೂರಕ್ಕೆ ಎರಡರಿಂದ ಸೋತಿತ್ತು.

ರೆಫಿಕ್ ಕೇಳಿದ್ದು ಸ್ಕೋರನ್ನಲ್ಲ. ಕುಂಟುತ್ತಾ ಹೋಗಿ ಬರ್ನಾರ್ಡನ ಕೈಯ ಸ್ಟಾಪ್‌ವಾಚನ್ನು ತಿರುಗಿಸಿ ನೋಡಿದ. ತೊಂಬತ್ತೆರಡು. ತಲೆಯ ಪೇಟ ತೆಗೆದು ಕಂಕುಳಲ್ಲಿಟ್ಟು, ಮೈದಾನದ ಉದ್ದಕ್ಕೂ ನಿಧಾನ ನಡೆದು ಹೊರಗೆ ಬಂದ. ಮಾಲೆಗೆ ಆಮೇಲೆ ತಲೆ ಬಗ್ಗಿಸಿದ.

ಆ ದಿನದ ಫೋಟೊ ನನ್ನ ಅಂಗಡಿಯಲ್ಲಿದೆ. ರೆಫಿಕ್‌ನ ಕೈಯಲ್ಲಿ ಸ್ಟಾಪ್‌ವಾಚು. ಪಕ್ಕದಲ್ಲಿ ಕಾವಲುಗಾರ ಬುಟ್ಟಿ ಹಿಡಿದು ಎದೆಯುಬ್ಬಿಸಿ ನಿಂತಿದ್ದಾನೆ. ಸನ್ಮಾನ ಯಾರಿಗೆ ಎಂದು ಹೊಸ ಗಿರಾಕಿಗಳು ತಪ್ಪು ತಿಳಿದರೆ ನಾನು ತಿದ್ದುವುದಿಲ್ಲ.

ಜೆನಿಟ್ಸಾದಿಂದ ರೆಫಿಕ್ ಈಗಲೂ ಫೋನ್ ಮಾಡುತ್ತಾನೆ. ಹೋದ ತಿಂಗಳು ಆ ಪಂದ್ಯ ತೊಂಬತ್ತೆಂಟು ನಿಮಿಷ ನಡೆಯಿತು ಎಂದ. ಹೌದು ಎಂದೆ. ಆರಡಿ ಎರಡಂಗುಲವನ್ನು ಆರಡಿ ನಾಲ್ಕೆಂದು ಹದಿಮೂರು ವರ್ಷ ಒಪ್ಪಿಕೊಂಡವನಿಗೆ ಆರು ನಿಮಿಷ ಏನು ಮಹಾ.