ಸೈಕಲ್ಲಿಗೆ ಬಂದ ಹಾರ

ದಾಂಡೇಲಿಯಲ್ಲಿ ದಿನಾ ಡ್ಯೂಟಿಗೆ ಹೋಗಲು ನನಗೊಂದು ಹಳೆಯ ಸೈಕಲ್ಲು ಬೇಕಾಗಿತ್ತು. ಹಳಿಯಾಳ ರಸ್ತೆಯ ಮೆಕ್ಯಾನಿಕ್ ಖಾದರ್ ಚಾಚಾ ಎರಡು ಹಳೇ ಉಕ್ಕಿನ ಫ್ರೇಮುಗಳಿಗೆ ಗಾಲಿ ಹಾಕಿ ನಿಲ್ಲಿಸಿದ್ದರು. ಒಂದು ಕರಿಯದು, ಎಮ್ಮೆಯಂಥ ಗಟ್ಟಿ. ಇನ್ನೊಂದು ಗೋವಾ ಕಡೆಯಿಂದ ಬಂದ ಕೆಂಪು ರೇಸಿಂಗ್ ಫ್ರೇಮು, ಒಂದೇ ಕೈಯಲ್ಲಿ ಎತ್ತಬಹುದು.

"ಕೆಂಪಂದ ತಗೋರಿ ಸಾಹೇಬ್ರ, ಗಾಳಿ ಐತಿ ಗಾಳಿ! ಒಂದ್ ರೌಂಡ್ ಹೊಡಕೊಂಡ್ ಬರ್ರಿ" ಎಂದರು ಚಾಚಾ.

ಹತ್ತಿದೆ. ಫ್ರೇಮು ಉದ್ದ, ಹ್ಯಾಂಡಲ್ಲು ಕೆಳಗೆ. ಬೆನ್ನು ಬಾಗಿ, ನನಗೆ ಕಾಣುತ್ತಿದ್ದದ್ದು ಮುಂದಿನ ಗಾಲಿಯೊಂದೇ. ಓಟ ಮಾತ್ರ ಭಾರೀ ಇತ್ತು. ಚಹಾದಂಗಡಿ ದಾಟಿದ್ದೇ ಗೊತ್ತಾಗಲಿಲ್ಲ.

ಇದೇ ಇರಲಿ ಎಂದುಕೊಂಡು ತಿರುಗಿ ಬಂದು ಇಳಿಯುವಷ್ಟರಲ್ಲಿ, ನಮ್ಮ ಓಣಿಯ ಬಸಪ್ಪ ಚಹಾದಂಗಡಿಯಿಂದ ಏದುಸಿರು ಬಿಡುತ್ತ ಓಡಿ ಬಂದ.

"ಮನ್ಯಾಗ ಯಾರು ಹ್ವಾದ್ರೀ?"

"ಯಾರೂ ಹೋಗಿಲ್ಲಪಾ, ಎಲ್ಲಾರೂ ಆರಾಮ ಅದಾರ!"

"ಮತ್ತ ನಾ ನಮಸ್ಕಾರ ಅಂದ್ರೂ ತೆಲಿ ತಗ್ಗಿಸಿಕೊಂಡು ಹಂಗ ಹೊಂಟ್ರೆಲ್ಲಾ? ಏನೋ ಸುದ್ದಿ ಬಂದತಿ ಅಂತ ನಮ್ಮ ತಮ್ಮನ್ನ ಹಾರ ತರಾಕ ಕಳಿಸೇನಿ!"

ಚಾಚಾ ಕರಿಯ ಸೈಕಲ್ಲನ್ನು ಮುಂದೆ ತಳ್ಳಿದರು. ನಾನೂ ಅದನ್ನೇ ತಗೊಂಡೆ. ಅದರ ಮೇಲೆ ನೆಟ್ಟಗೆ ಕೂತು ಊರಿಗೆಲ್ಲ ನಮಸ್ಕಾರ ಹೇಳಬಹುದು.

ಅಷ್ಟರಲ್ಲಿ ಹಾರ ಬಂದೇ ಬಂತು, ಒಳ್ಳೇ ದಪ್ಪ ಚೆಂಡುಹೂವಿಂದು. ಬಿಸಾಡಲು ಮನಸ್ಸಾಗದೆ ಬಸಪ್ಪ ಅದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕಿದ. ಗಾಡಿಪೂಜೆ ಮಾಡಿಸಿಕೊಂಡೇ ಬಂದೆನೆಂದು ಮನೆಯಲ್ಲಿ ಹೆಂಡತಿಗೆ ಬಹಳ ಸಂತೋಷವಾಯಿತು. ಹಾರ ಯಾಕೆ ತರಿಸಿದ್ದೆಂದು ಅವಳಿಗೆ ನಾನಿನ್ನೂ ಹೇಳಿಲ್ಲ.