ವಂಶಾವಳಿ ಚೆಲ್ಲಾಪಿಲ್ಲಿಯಾದ ಗುರುವಾರ

ಆ ಗುರುವಾರ ಕಂಪ್ಯೂಟರಿಗೆ ಬೈದಷ್ಟು ನನ್ನಿಬ್ಬರು ತಮ್ಮಂದಿರಿಗೂ ನಾನು ಜನ್ಮದಲ್ಲಿ ಬೈದಿಲ್ಲ. ಬೈಯದೆ ಏನು ಮಾಡಲಿ? ನಮ್ಮ ಮನೆತನದ ಐದು ತಲೆಮಾರನ್ನು ಅದು ಒಂದೇ ಏಟಿಗೆ ಚೆಲ್ಲಾಪಿಲ್ಲಿ ಮಾಡಿಟ್ಟಿತ್ತು. ಅದೂ ಹೆಳವರ ಅಜ್ಜ ಬರುವ ದಿನವೇ!

ರೋಣದಲ್ಲಿ ನನ್ನ ತವರಿಗೂ ಗಂಡನ ಮನೆಗೂ ನಡುವೆ ಎರಡೇ ಓಣಿ. ಗಂಡನ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಅರ್ಜಿ ಅಂತ ಟೈಪ್ ಮಾಡಿಕೊಡುತ್ತಿದ್ದೆ. ತವರುಮನೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಈ ಅಜ್ಜ ಬರುತ್ತಿದ್ದರು. ಮನೆಮನೆಗೆ ಹೋಗಿ ಆಯಾ ಮನೆತನದ ವಂಶಾವಳಿಯನ್ನು ಬಾಯಿಂದಲೇ ಒಪ್ಪಿಸುವುದು ಹೆಳವರ ಕಸುಬು. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದರೆಂದರೆ ಮುಗಿಯಿತು. ಮೂಲಪುರುಷ, ಅವನ ಹಿರಿಮಗ, ಆ ಹಿರಿಮಗನ ಮಕ್ಕಳು, ಮೊಮ್ಮಕ್ಕಳು, ಆ ಕವಲು ಪೂರ್ತಿ ಮುಗಿದ ಮೇಲೆಯೇ ಎರಡನೆಯ ಮಗ. ಒಂದು ಹೆಸರೂ ಹಿಂದೆ ಮುಂದೆ ಆಗುತ್ತಿರಲಿಲ್ಲ. ಆದರೆ ಅದರಲ್ಲಿ ಹೆಣ್ಣುಮಕ್ಕಳು? ಊಹೂಂ, ಒಬ್ಬಳೂ ಇಲ್ಲ. ನಮ್ಮಪ್ಪನ ಅಕ್ಕ, ಹೊಳೆಮಣ್ಣೂರಿಗೆ ಕೊಟ್ಟ ನನ್ನ ಸೋದರತ್ತೆ, ಪ್ರತಿಸಲ ಬಂದು ಕಂಬಕ್ಕೊರಗಿ ಕೂತು ಎಲ್ಲ ಕೇಳಿ, ಸೆರಗು ಝಾಡಿಸಿಕೊಂಡು ಏಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಹಿಂದಿನ ಸಲ ಅಜ್ಜ ಬಂದಾಗ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ನರೇಗಲ್, ನರಗುಂದ, ಗಜೇಂದ್ರಗಡ ಅಂತ ಬಸ್ಸು ಹತ್ತಿ ಇಳಿದು, ಎಲ್ಲೆಲ್ಲಿ ನಮ್ಮ ಮನೆತನದ ಹೆಣ್ಣುಮಕ್ಕಳನ್ನು ಕೊಟ್ಟಿದ್ದರೋ ಅಲ್ಲೆಲ್ಲ ಕೇಳಿ ಅವರ ಹೆಸರನ್ನೂ ಸೇರಿಸಿದೆ. ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲು. ಫೈಲಿನ ಹೆಸರು ಒಂದು ನಂಬರಿನಿಂದ ಶುರು. ಮೂಲಪುರುಷರಾದ ಮೂವರು ಅಣ್ಣತಮ್ಮಂದಿರು 1, 2, 3. ಒಂದನೆಯವನ ಮಕ್ಕಳು 11, 12, 13. ಹನ್ನೊಂದರವನ ಮಕ್ಕಳು 111, 112. ಹುಟ್ಟಿದ ಸರತಿಯಂತೆ, ಗಂಡು ಹೆಣ್ಣು ಅಂತ ಭೇದವಿಲ್ಲದೆ. ಯಾರಿಗೂ ಒಂಬತ್ತರ ಮೇಲೆ ಮಕ್ಕಳಾಗದಿದ್ದದ್ದು ನನ್ನ ಪುಣ್ಯ. ಹಳೆಯ ಸಿಸ್ಟಮ್ಮು ನಂಬರನ್ನು ಶಬ್ದದ ಹಾಗೆ ಎಡದಿಂದ ಒಂದೊಂದೇ ಅಂಕಿ ನೋಡಿ ಜೋಡಿಸುತ್ತಿತ್ತು. ಹಾಗಾಗಿ 1 ಆದ ಕೂಡಲೇ 11, ಅದರ ಬೆನ್ನಿಗೆ 111, 112, ಆಮೇಲೆ 12. ಫೋಲ್ಡರ್ ತೆರೆದು ಮೇಲಿನಿಂದ ಕೆಳಗೆ ಓದಿದರೆ ಸಾಕು, ಅಜ್ಜನ ಬಾಯಿಂದ ಬಂದ ಹಾಗೆಯೇ ಬರುತ್ತಿತ್ತು.

ಆ ವರ್ಷ ಅಜ್ಜ ಬಂದಾಗ ನಾನು ಸುಮ್ಮನಿರಲಿಲ್ಲ. "ಅಜ್ಜಾರ, ಹೆಣ್ಮಕ್ಕಳ ಹೆಸರೂ ಹೇಳ್ರಿ. ಎಲ್ಲಾ ನನ್ನ ಕಂಪ್ಯೂಟರಿನ್ಯಾಗ ಅದಾವು" ಅಂದೆ.

ಅಜ್ಜ ನಕ್ಕರು. "ನಿನ್ನ ಪೆಟ್ಟಿಗಿ ನನ್ನ ಬಾಯಿ ಹೋದಂಗ ಹೋಗತೈತೇನು, ಯವ್ವಾ? ನರಗುಂದದಾಗ ನಿಮ್ಮ ಕಾಕಾನ ಮನಿ ಮುಗಿಸಿ ಗುರುವಾರ ಮಧ್ಯಾಹ್ನ ಬರ್ತೀನಿ. ಅದರಾಗ ನೋಡಿ ಓದು. ಸಾಲು ತಪ್ಪಲಿಲ್ಲಂದ್ರ ಹೆಣ್ಮಕ್ಕಳ್ನೂ ಬಾಯಾಗ ಹಾಕ್ಕೋತೀನಿ. ಒಂದು ಕಡಿ ತಪ್ಪಿದ್ರೂ ಇಲ್ಲ ನೋಡು."

"ಆತ್ರಿ" ಅಂದುಬಿಟ್ಟೆ. ಹೊಳೆಮಣ್ಣೂರಿನ ಅತ್ತೆಗೂ ಹೇಳಿಕಳಿಸಿದೆ.

ಗುರುವಾರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಪರದೆಯೇ ಬೇರೆ. ಬುಧವಾರ ನಾನು ತವರಿಗೆ ಹೋಗಿದ್ದಾಗ ನನ್ನ ಗಂಡ ಗಜೇಂದ್ರಗಡದ ಗೆಳೆಯನನ್ನು ಕರೆಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದರು. ಹಳೆಯದು ಪದೇ ಪದೇ ನಿಂತುಬಿಡುತ್ತದೆ ಅಂತ ಗೊಣಗುತ್ತಿದ್ದವಳು ನಾನೇ, ಅದು ಬೇರೆ ಮಾತು. ಫೋಲ್ಡರ್ ತೆರೆದೆ. 1, 2, 3, ಆಮೇಲೆ 11, 12, 13. ಅಪ್ಪಂದಿರೆಲ್ಲ ಒಂದು ಕಡೆ, ಮಕ್ಕಳೆಲ್ಲ ಇನ್ನೊಂದು ಕಡೆ!

"ಏನ್ ಮಾಡಿಟ್ರಿ ಇದನ್ನ?" ಅಂತ ಕೂಗಿದೆ.

ಗಂಡ ಚಹಾದ ಕಪ್ಪು ಹಿಡಿದುಕೊಂಡೇ ಬಂದು ಇಣುಕಿದರು. "ಯಾಕ? ಎಲ್ಲಾರೂ ಅದಾರಲ್ಲ."

"ಅದಾರ! ಹುಟ್ಟಿಸಿದ ಅಪ್ಪನ್ನ ಬಿಟ್ಟು ಎಲ್ಲೆಲ್ಲೋ ಕುಂತಾರ!"

"ಖರೇ ಅಂದ್ರ ಈಗ ಬರೋಬ್ಬರಿ ಐತಿ ನೋಡು. ಮೂರಾದ ಮ್ಯಾಲ ಹನ್ನೊಂದು. ಮೊದಲಿದ್ದದ್ದ ತಪ್ಪು."

ಪಿತ್ತ ನೆತ್ತಿಗೇರಿತು. ಹೊಸದಕ್ಕೆ ಎಣಿಸಲು ಬರುತ್ತದಂತೆ! ಯಾರು ಕೇಳಿದ್ದರು ಇದಕ್ಕೆ ಎಣಿಸು ಅಂತ? ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ, ಗಾತ್ರದ ಪ್ರಕಾರ ನೋಡಿದೆ, ಮತ್ತೆ ಹೆಸರಿಗೆ ಬಂದೆ. ಒಂದಕ್ಕಿಂತ ಒಂದು ಅಧ್ವಾನ. ತಲೆ ಕೆಟ್ಟು ಮೊಸರುಗಡಿಗೆ ಆಯಿತು. "ಹಾಳೀ ಮ್ಯಾಲ ಬರ್ಕೊಂಡು ಓದು, ಬಿಡು" ಅಂದರು ಗಂಡ. ಹಾಳೆ ನೋಡಿ ಓದಿದರೆ ಅಜ್ಜ ಒಪ್ಪುತ್ತಾರೆಯೇ? ಪೆಟ್ಟಿಗೆಯಲ್ಲಿ ನೋಡಿ ಓದು ಅಂದಿದ್ದರಲ್ಲ. ಹೊಳೆಮಣ್ಣೂರಿನ ಬಸ್ಸು ಇಳಿದು ಬರುವ ಅತ್ತೆಗೆ ಏನು ಹೇಳಲಿ? ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

ಆ ಸಿಟ್ಟಿನಲ್ಲೇ ಪಟ್ಟಿಯನ್ನು ಕೆಳಕ್ಕೆಳೆಯುತ್ತ ತುದಿಗೆ ಬಂದೆ. ಅಲ್ಲಿ ನನ್ನ ತಲೆಮಾರಿನವರು, ಐದಂಕಿಯವರು. ನೋಡಿದರೆ ನಮ್ಮನಮ್ಮೊಳಗಿನ ಸರತಿ ಕದಲಿರಲಿಲ್ಲ! ದೊಡ್ಡಪ್ಪನ ಮಕ್ಕಳಾದ ಮೇಲೆ ನಾವು, ನಮ್ಮ ನಂತರ ಕಾಕಾನ ಮಕ್ಕಳು, ಎಲ್ಲರೂ ಮೊದಲಿನ ಹಾಗೆಯೇ. ಯಾಕೆ? ಕೂತು ಯೋಚಿಸಿದೆ. ನಮ್ಮೆಲ್ಲರಿಗೂ ಐದೇ ಅಂಕಿ. ಒಂದಂಕಿಯವರು, ಎರಡಂಕಿಯವರು ಸೇರಿದ್ದಕ್ಕೇ ಗೊಂದಲ. ಹಾಗಾದರೆ ಹಿರಿಯರಿಗೂ ಐದಂಕಿ ಕೊಟ್ಟರೆ?

ಹಿರಿಯ ಮೂಲಪುರುಷನ 1ರ ಬಲಕ್ಕೆ ನಾಲ್ಕು ಸೊನ್ನೆ ಹಚ್ಚಿದೆ, 10000. ಅವನ ಮಗ 11ಕ್ಕೆ ಮೂರು ಸೊನ್ನೆ, 11000. ಮೊಮ್ಮಗ 111 ಈಗ 11100 ಆದ. ಪಟ್ಟಿಯನ್ನು ಮತ್ತೆ ಜೋಡಿಸಿದೆ. ಅಪ್ಪ, ಅವನ ಕೆಳಗೆ ಮಗ, ಅವನ ಕೆಳಗೆ ಮೊಮ್ಮಗ! ಎಷ್ಟು ಬೇಕಾದರೂ ಎಣಿಸಿಕೋ ಈಗ! ಸೀರೆ ಸೊಂಟಕ್ಕೆ ಸಿಕ್ಕಿಸಿ ಕೂತೆ. ಸುಮಾರು ಎಪ್ಪತ್ತು ಹೆಸರು ತಿದ್ದಬೇಕಿತ್ತು. ಆ ದಿನ ಅಡುಗೆ ಮಾಡಿದವರು ನನ್ನ ಗಂಡ. ಮಾಡಲಿ, ತಪ್ಪು ಅವರದೇ.

ಮಧ್ಯಾಹ್ನ ಅಜ್ಜ ನಮ್ಮ ಪಡಸಾಲೆಗೇ ಬಂದು ಕೂತರು. ತವರಿನವರೆಲ್ಲ ಬಂದಿದ್ದರು. ಅತ್ತೆ ಬಾಗಿಲ ಹತ್ತಿರ ಕೂತಳು. ನಾನು ಪರದೆ ನೋಡುತ್ತ ಓದಿದೆ, ಅಜ್ಜ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು.

ಒಂದು ಕಡೆ ಕೈ ಎತ್ತಿದರು. "ತಡಿ. ಇಂವಗ ಮೂರು ಮಕ್ಕಳು. ನೀ ನಾಕು ಅಂದಿ."

"ಒಂದು ಹೆಣ್ಣುರಿ, ಅಜ್ಜಾರ. ನರೇಗಲ್ಲಿಗೆ ಕೊಟ್ಟಿದ್ರು."

ಅಜ್ಜ ಬೆರಳು ಮಡಿಸಿ ನಾಲ್ಕೂ ಹೆಸರು ಎಣಿಸಿದರು. "ಹಾಂ. ಮುಂದ" ಅಂದರು.

ಕೊನೆಯ ಹೆಸರಿನವರೆಗೂ ಸಾಲು ತಪ್ಪಲಿಲ್ಲ. ಅಜ್ಜ ಮೂರು ಸಲ ಓದಿಸಿಕೊಂಡರು. ನಾಲ್ಕನೆಯ ಸಲ ನನ್ನನ್ನು ತಡೆದು, ತಾವೇ ಶುರು ಮಾಡಿದರು. ನಮ್ಮ ಕವಲಿಗೆ ಬಂದರು. ನಮ್ಮಪ್ಪನ ಅಪ್ಪನ ಹೆಸರಿನ ಹಿಂದೆಯೇ ಅವನ ಹಿರಿಮಗಳ ಹೆಸರು, ಅತ್ತೆಯದು.

"ಏನಂದ್ರಿ?" ಅಂದಳು ಅತ್ತೆ. "ಇನ್ನೊಮ್ಮೆ ಅನ್ರಿ."

ಅಜ್ಜ ಇನ್ನೊಮ್ಮೆ ಹೇಳಿದರು, ಈ ಸಲ ಜೋರಾಗಿ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ನಗುತ್ತಲೂ ಇದ್ದಳು.

ದೊಡ್ಡಪ್ಪನ ಮನೆಯವರು ಮುಗಿದ ಮೇಲೆ ಅಪ್ಪನ ಹೆಸರು. ಅದರ ಬೆನ್ನಿಗೆ ಮೊದಲೆಲ್ಲ ದೊಡ್ಡ ತಮ್ಮನ ಹೆಸರು ಬರುತ್ತಿತ್ತು. ಅವನು ಆಗಲೇ ಮೀಸೆ ತಿರುವಿಕೊಂಡು ಕಾಯುತ್ತಿದ್ದ. ಅಜ್ಜ ನನ್ನ ಹೆಸರು ಹೇಳಿದರು.

"ಅಕ್ಕಾ, ನನ್ನ ಎರಡನೇದಕ್ಕ ಹಾಕಿಯಲ್ಲ!" ಅಂದ ತಮ್ಮ.

"ನೀ ಹುಟ್ಟಿದ್ದ ಎರಡನೇದಾಂವ. ಸುಮ್ಮ ಕೂಡು" ಅಂದೆ.