ಸೂಜಿ ಮಾಡದ ದವಾಖಾನೆ

ಆ ದಿನಗಳಲ್ಲಿ ಶಿಗ್ಲಿಯ ನಮ್ಮ ಮನೆಗೆ ಎರಡು ವಾಸನೆಗಳಿದ್ದವು. ಅಡುಗೆಮನೆಯಲ್ಲಿ ಬೇಯುವ ಜೋಳದ ರೊಟ್ಟಿಯದು, ಪಡಸಾಲೆಯಲ್ಲಿ ಸ್ಪಿರಿಟ್ಟಿನದು. ಲಕ್ಷ್ಮೇಶ್ವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅವ್ವ ಕೆಲಸ ಬಿಟ್ಟು ಬಂದು ಪಡಸಾಲೆಯಲ್ಲೇ ಸ್ವಂತ ದವಾಖಾನೆ ತೆರೆದಿದ್ದಳು. ಗಾಯಕ್ಕೆ ಪಟ್ಟಿ ಕಟ್ಟುವುದು, ಬಿಪಿ ನೋಡುವುದು, ಬಸುರಿಯರಿಗೆ ತಿಳಿಹೇಳುವುದು. ಸೂಜಿ ಮಾತ್ರ ಡಾಕ್ಟರ ಚೀಟಿ ಇದ್ದವರಿಗೇ. ಹತ್ತಿಯ ಖಾಲಿ ಡಬ್ಬಗಳಿಂದ ನಾನೂ ತಂಗಿಯೂ ಗೊಂಬೆಗಳಿಗೆ ಮನೆ ಕಟ್ಟುತ್ತಿದ್ದೆವು.

ಶೇಂಗಾ ಕೀಳುವ ಸುಗ್ಗಿಯಲ್ಲಿ ಹೊಲದ ಹೆಣ್ಣುಮಕ್ಕಳು ಸಂಜೆ ಬಂದು ಸಾಲಾಗಿ ಕೂರುತ್ತಿದ್ದರು. ಸೆರಗಿನ ತುಂಬ ಹಸಿ ಶೇಂಗಾದ ಮಣ್ಣುವಾಸನೆ. ನಮಗೂ ಒಂದೊಂದು ಮುಷ್ಟಿ ಕಾಯಿ ಸಿಗುತ್ತಿತ್ತು. ಎದುರುಮನೆಯ ಗಂಗವ್ವ ಮೈಕೈ ನೋವೆಂದು ಬಂದು ತೋಳು ಚಾಚುತ್ತಿದ್ದಳು.

"ಒಂದ್ ಸೂಜಿ ಮಾಡ್ರಿ ಅಕ್ಕಾರ. ನಾಳಿ ಮತ್ತ ಹೊಲಕ್ಕ ಹೋಗಬೇಕು."

"ನಿನಗ ಸೂಜಿ ಬ್ಯಾಡ ಗಂಗವ್ವ. ಒಂದಿನ ಮನ್ಯಾಗ ಮಕ್ಕೊ."

"ಮಕ್ಕೊಳ್ಳಾಕ ನಿಮ್ಮ ಹಂತೇಕ ಯಾಕ ಬರ್ಲಿ? ಸೂಜಿ ಮಾಡಲಾರದ್ದು ಎಂಥಾ ದವಾಖಾನಿರಿ?"

ಓಣಿಯವರೆಲ್ಲರ ಮಾತೂ ಅದೇ ಆಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬಾತ ಕೇಳಿದವರಿಗೆಲ್ಲ ಸೂಜಿ ಚುಚ್ಚಿ ಸಲಾಯಿನ್ ಏರಿಸುತ್ತಿದ್ದ. ಒಬ್ಬೊಬ್ಬರೇ ಅತ್ತ ಸರಿದರು. ಅಲ್ಲಿ ಚುಚ್ಚಿಸಿಕೊಂಡ ಜಾಗ ಕೀವಾದರೆ ಮಾತ್ರ ಅವ್ವನ ನೆನಪಾಗುತ್ತಿತ್ತು. ಅವಳು ಬೈಯದೆ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಒಂದು ದಿನ ತಣ್ಣಗಾದ ರೊಟ್ಟಿಯ ಮುಂದೆ ಕೂತು, "ಸಾಕಾತು ನನಗ" ಅಂದಳು. ಅವ್ವ ಹಾಗೆ ಅಂದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ಹೆದರಿಕೆಯಾಯಿತು.

ಸುಗ್ಗಿ ಮುಗಿಯುವ ಹೊತ್ತಿಗೆ ಅವ್ವ ಗದಗಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಬರುವುದಾಗಿ ಒಪ್ಪಿಬಿಟ್ಟಳು. ಸಾಮಾನು ಕಟ್ಟಿದ ದಿನ ಓಣಿಯ ಹೆಂಗಸರೆಲ್ಲ ಬಂದು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ, ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಅವಳ ಉಡಿ ತುಂಬಿದರು. ಇಲ್ಲೇ ಇರ್ರಿ ಅಂತ ಮಾತ್ರ ಯಾರೂ ಅನ್ನಲಿಲ್ಲ. ಗಂಗವ್ವ ಅಳುತ್ತಲೇ ತೋಳು ಚಾಚಿದಳು.

"ಹೋಗೂ ಮುಂದರ ಒಂದ್ ಸೂಜಿ ಮಾಡಿ ಹೋಗ್ರಿ."

ಅವ್ವನಿಗೆ ನಗು ಬಂತು. ಆ ತೋಳಿಗೆ ಬಿಪಿಯ ಪಟ್ಟಿ ಸುತ್ತಿ ನೋಡಿದಳು. ನಗು ನಿಂತಿತು.

"ಭಾಳ ಏರೈತಿ ಗಂಗವ್ವ. ಜಲ್ದಿ ಡಾಕ್ಟರಿಗೆ ತೋರ್ಸು."

"ಆತ್ರಿ" ಅಂದಳು ಗಂಗವ್ವ. ತೋರಿಸಲಿಲ್ಲ. ಮುಂದಿನ ಸುಗ್ಗಿಗೆ ಲಕ್ವಾ ಹೊಡೆದು ಆ ಕೈ ಬಿದ್ದುಹೋಯಿತು.

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮ ಪಡಸಾಲೆಯಲ್ಲಿ ಈಗ ಬಾಡಿಗೆಯವರ ಮೊಬೈಲ್ ಅಂಗಡಿ. ಸ್ಪಿರಿಟ್ಟಿನ ವಾಸನೆ ಹುಡುಕಿದರೂ ಸಿಗಲಿಲ್ಲ. ಎದುರುಗಡೆ ಕಟ್ಟೆಯ ಮೇಲೆ ಕೂತಿದ್ದ ಗಂಗವ್ವ ನನ್ನನ್ನು ಕರೆದು, ಉಳಿದ ಕೈಯಿಂದ ಕೆನ್ನೆ ಸವರಿದಳು.

"ಈಗ ಕೇಳಿದಲ್ಲೆಲ್ಲ ಸೂಜಿ ಮಾಡ್ತಾರವ್ವ" ಅಂದಳು. "ಬ್ಯಾಡ ಅನ್ನೋರ ಇಲ್ಲ ನೋಡು."